ಗಂಟು ಹಾಕಿದ ದಾರಗಳ ಡಬ್ಬಿ

ಮಲ್ಲಾಬಾಯಿಯನ್ನು ನಾನು ಮೊದಲ ದಿನದಿಂದಲೇ ನಂಬಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ದೇವಾಪುರದಲ್ಲಿ ಯಾರನ್ನು ಕೇಳಿದರೂ, "ನಾವು ಅಕೀನ್ನ ಎಂದೂ ಅನುಮಾನ ಮಾಡಿಲ್ಲರಿ" ಎನ್ನುತ್ತಾರೆ. ಸುಳ್ಳು. ಎಲ್ಲರೂ ಮಾಡಿದರು. ನಾನು ಎಲ್ಲರಿಗಿಂತ ಒಂದು ಕೈ ಹೆಚ್ಚೇ ಮಾಡಿದೆ.

ಆಕೆ ನಮ್ಮೂರಿಗೆ ಬಂದದ್ದು ಕಾಲುವೆಯ ಜೊತೆಗೆ. ಗಂಡ ಸಾಬಣ್ಣ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದವನು. ಅದಕ್ಕೂ ಮೊದಲು ಆಕೆ ನಾರಾಯಣಪುರದ ಅಣೆಕಟ್ಟಿನ ಕ್ಯಾಂಪಿನಲ್ಲಿ ಯಾರೋ ಸಾಹೇಬರ ಮನೆಯಲ್ಲಿ ಭಾಂಡೆ ತಿಕ್ಕುತ್ತಿದ್ದಾಗ, ಆ ಮನೆಯೊಡತಿಯಿಂದ ಉಲ್ಲನ್ ಹೆಣೆಯುವುದನ್ನು ಕಲಿತಿದ್ದಳಂತೆ. ಜೋಳದ ಹೊಲಗಳಿಗೆ ಕಾಲುವೆ ನೀರು ಹರಿದು ಭತ್ತದ ಗದ್ದೆಗಳಾದ ಮೇಲೆ ನಮ್ಮಲ್ಲಿ ಚಳಿಗಾಲವೇ ಬೇರೆಯಾಯಿತು. ಮೊದಲಿನದು ಒಣ ಚಳಿ, ಕಂಬಳಿ ಹೊದ್ದರೆ ಮುಗಿಯಿತು. ಈಗ ಬೆಳಗಾದರೆ ಮಂಜು, ತಂಡಿ. ಕೂಸುಗಳಿಗೆ ನೆಗಡಿ, ಕಿವಿನೋವು. ಹಾಗಾಗಿ ಕೂಸಿನ ತಲೆಗೆ ಹಾಕುವ ಮಲ್ಲಾಬಾಯಿಯ ಕುಲಾವಿಗೂ ಕಾಲುಚೀಲಕ್ಕೂ ಮನೆಮನೆಯಿಂದ ಕರೆ ಬರತೊಡಗಿತು.

ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಸುರಪುರದಿಂದ ತಂದ ಉಲ್ಲನ್ನನ್ನು ಮೊದಲು ತನ್ನ ಗಲ್ಲಕ್ಕೆ ಉಜ್ಜಿ ನೋಡುವಳು. ಚುಚ್ಚಿದರೆ ಅದು ಕೂಸಿಗಲ್ಲ. ಕುಲಾವಿ ಕಿವಿ ಮುಚ್ಚಬೇಕು, ಹಣೆಗೆ ಬಿಗಿಯಬಾರದು. ಕೂಸುಗಳು ನುಂಗಿಯಾವೆಂದು ಗುಂಡಿ, ಮಣಿ, ಗೆಜ್ಜೆ ಒಂದನ್ನೂ ಹಚ್ಚುತ್ತಿರಲಿಲ್ಲ. ದೃಷ್ಟಿಗೆಂದು ಕರಿಮಣಿ ಕೇಳಿದವರಿಗೆ ಕಿವಿಯ ಹಿಂದೆ ಕರಿ ಉಲ್ಲನ್ನಿನಲ್ಲಿ ಒಂದು ಬೊಟ್ಟು ಹೆಣೆದುಕೊಡುವಳು. ಗದ್ದದ ಕೆಳಗೆ ಕಟ್ಟುವ ಕಸಿಯಂತೂ ಬಿಲ್‌ಕುಲ್ ಇಲ್ಲ.

"ಕೂಸಿನ ಕೊಳ್ಳಾಗ ದಾರ ಬ್ಯಾಡ" ಎನ್ನುವಳು. ಯಾಕೆ ಎಂದರೆ ಮುಖ ತಿರುಗಿಸುವಳು.

ನನಗೆ ಸಿಟ್ಟು ಬರುತ್ತಿದ್ದದ್ದು ಅಲ್ಲಿಯೇ. ಕಸಿಯ ದಾರ ಬೇಡ ಎನ್ನುವವಳು ತಾನು ಮಾತ್ರ ದಾರ ಕೂಡಿಡುತ್ತಿದ್ದಳು! ಪ್ರತಿ ಕೂಸಿಗೂ ಒಂದೊಂದು ಬಣ್ಣದ ದಾರ. ಅದನ್ನು ತಲೆಗೆ ಸುತ್ತಿ, ಅಳತೆ ಮುಗಿದಲ್ಲಿ ಗಂಟು ಹಾಕಿ, ಬಿಸ್ಕಿಟಿನ ತಗಡಿನ ಡಬ್ಬಿಯಲ್ಲಿ ಇಡುವಳು. ಮರುವರ್ಷ ಅದೇ ದಾರಕ್ಕೆ ಇನ್ನೊಂದು ಗಂಟು. ನನ್ನ ಮಗ ಮೋನೇಶನಿಗೆ ಎಂಟು ತಿಂಗಳಾದಾಗ ಹಸಿರು ದಾರದಲ್ಲಿ ಅಳತೆ ತೆಗೆದುಕೊಂಡಳು.

"ದಾರ ಯಾಕ ಇಟ್ಕೋತೀರಿ ಅಕ್ಕಾ?" ಎಂದು ಕೇಳಿದೆ.

"ನನಗ ಬರಿಯಾಕ ಬರಂಗಿಲ್ಲ ತಂಗಿ. ಗಂಟು ನೋಡಿದ್ರ ಯಾರ ಕೂಸು ಎಷ್ಟು ಬೆಳದಾದ ಅಂತ ತಿಳೀತದ."

ನಾನು ಹೂಂ ಎಂದೆ. ನಂಬಲಿಲ್ಲ. ಮನೆಗೆ ಬಂದು ಹೇಳಿದರೆ ಅತ್ತೆ ಹಣಮಮ್ಮ ಎದೆ ಹಿಡಿದುಕೊಂಡರು. "ಕೂಸಿನ ಅಳತಿಗೆ ಗಂಟು ಹಾಕಿ ಡಬ್ಬ್ಯಾಗ ಇಟ್ಟಾಳೇನು? ಇದು ಮಾಟದ ಕೆಲಸ!"

ಕುಲಾವಿ ಬಂತು. ಮೋನೇಶ ಅದನ್ನು ಕಿತ್ತು ಎಸೆಯುತ್ತಿದ್ದ. ಬೆಳಗಿನ ತಂಡಿಗೆ ಕಿವಿ ಬಿಟ್ಟುಕೊಂಡು ಮಲಗಿದರೆ ಹೇಗೆಂದು, ಯಾರಿಗೂ ಹೇಳದೆ, ನನ್ನ ಹಳೆಯ ಕುಪ್ಪಸದ ಅಂಚು ಹರಿದು ಎರಡು ಕಸಿ ಹೊಲಿದೆ. ಗದ್ದದ ಕೆಳಗೆ ಗಟ್ಟಿಯಾಗಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿ ರೊಟ್ಟಿ ಬಡಿಯಲು ಕೂತೆ.

ನಾಲ್ಕನೆಯ ರೊಟ್ಟಿ ಹಂಚಿನ ಮೇಲಿತ್ತು. ತೊಟ್ಟಿಲಿನಿಂದ ಒಂದು ವಿಚಿತ್ರ ಸದ್ದು ಬಂತು. ಓಡಿ ನೋಡಿದರೆ ಕಸಿ ತೊಟ್ಟಿಲಿನ ಮೊಳೆಗೆ ಸಿಕ್ಕು, ಕೂಸು ಹೊರಳಿದಷ್ಟೂ ಬಿಗಿಯುತ್ತಿತ್ತು. ಮುಖ ನೀಲಿಗಟ್ಟಿತ್ತು. ಹೇಗೆ ಹರಿದೆನೋ ನನಗೆ ಗೊತ್ತಿಲ್ಲ. ಮಗ ಉಸಿರು ಎಳೆದು ಅತ್ತ. ನಾನೂ ಅತ್ತೆ.

ಅತ್ತೆಯ ಹೆಜ್ಜೆ ಕೇಳಿಸಿತು. ಹರಿದ ಕಸಿಗಳೆರಡನ್ನೂ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಂಥ ತಾಯಿ ಎಂದಾರು ಎಂಬ ಹೆದರಿಕೆ, ಅಷ್ಟೇ.

ಅತ್ತೆ ನೋಡಿದ್ದು ಮೊಮ್ಮಗನ ಕೊರಳ ಸುತ್ತ ಎದ್ದ ಕೆಂಪು ಗೆರೆಯನ್ನು. ಪಕ್ಕದಲ್ಲಿ ಕಸಿಯಿಲ್ಲದ ಕುಲಾವಿ. ದಾರವೇ ಇಲ್ಲದೆ ದಾರದ ಗುರುತು!

"ಅಕಿ ಡಬ್ಬ್ಯಾಗ ಗಂಟು ಬಿಗದಾಳ, ಇಲ್ಲಿ ಕೂಸಿನ ಕುತಿಗಿ ಬಿಗಿದದ!"

ಓಣಿಯ ಹೆಂಗಸರೆಲ್ಲ ಕಾಲುವೆಯ ಪಕ್ಕದ ಆ ಮನೆಗೆ ನುಗ್ಗಿದರು. ಕೂಸನ್ನು ಎತ್ತಿಕೊಂಡು ನಾನೂ ಹೋದೆ. ಬಯ್ಗುಳಗಳ ನಡುವೆಯೇ ಮಲ್ಲಾಬಾಯಿ ನೇರವಾಗಿ ನನ್ನ ಬಳಿ ಬಂದು ಮಗನ ಗದ್ದ ಎತ್ತಿ ನೋಡಿದಳು.

"ಇದು ಕಸಿ ಗುರುತು. ಕುಲಾವಿಗೆ ಕಸಿ ಯಾರು ಹಚ್ಚಿದ್ರು?"

ನನ್ನನ್ನೇ ನೋಡಿದಳು. ನಾನು ನೆಲ ನೋಡಿದೆ.

"ಕೇಳಿದ್ರೇನು? ಎಲ್ಲಾ ಗೊತ್ತದ ಅಕೀಗಿ!" ಎಂದು ಅತ್ತೆ ಡಬ್ಬಿಯನ್ನು ಎಳೆದು ಒಲೆಯ ಮುಂದೆ ಸುರಿದರು. ಕೆಂಪು, ಹಳದಿ, ನೀಲಿ, ನನ್ನ ಮಗನ ಹಸಿರು. ಒಂದೊಂದರಲ್ಲಿ ಎರಡು ಗಂಟು, ಮೂರು ಗಂಟು. ಗಂಟು ಕಂಡಷ್ಟೂ ಹೆಂಗಸರ ಗಂಟಲು ಏರಿತು. ಬಾಚಿ ಬಾಚಿ ಒಲೆಗೆ ಹಾಕಿದರು. ಕೊನೆಯದೊಂದು ಬಿಳಿ ದಾರ ಅತ್ತೆಯ ಕೈಗೆ ಬಂದಾಗ ಮಾತ್ರ ಮಲ್ಲಾಬಾಯಿ ಮುಂದೆ ಬಂದು ಕೈಮುಗಿದಳು.

"ಅದೊಂದು ಕೊಡ್ರಿ ಅವ್ವಾ. ಅದು ನನ್ನ ಮಗಳದು."

ಅದರಲ್ಲಿ ಇದ್ದದ್ದು ಒಂದೇ ಗಂಟು. ಆಕೆಗೆ ಮಗಳಿದ್ದಳೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಸೊಂಟದಲ್ಲಿದ್ದ ಕಸಿ ನನ್ನ ಮೈ ಸುಡುತ್ತಿತ್ತು. ಬಾಯಿ ತೆರೆದೆ, ಮುಚ್ಚಿದೆ. ಅತ್ತೆ ದಾರವನ್ನು ಬೆಂಕಿಗೆ ಬಿಟ್ಟರು.

"ಕಸಿ ನಾನs ಹಚ್ಚೀನಿ!" ಎಂದು ಚೀರಿ ಎರಡೂ ತುಂಡುಗಳನ್ನು ಎಲ್ಲರ ಮುಂದೆ ಎಸೆದೆ. ಅಷ್ಟರಲ್ಲಿ ಬಿಳಿ ದಾರ ಮುದುಡಿ ಕರಿ ಎಳೆಯಾಗಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮಲ್ಲಾಬಾಯಿಯ ಕಾಲು ಹಿಡಿಯಲು ಹೋದೆ. ಆಕೆ ಹಿಂದೆ ಸರಿದಳು.

"ಒಂಬತ್ತು ತಿಂಗಳ ಕೂಸು ಇತ್ತು" ಎಂದಳು. "ಅಕಿ ಕುಲಾವಿಗೆ ಕಸಿ ನಾನs ಹಚ್ಚಿದ್ದೆ. ತೊಟ್ಟಿಲಾಗs ಹೋದಳು." ಆಮೇಲೆ ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕುತ್ತ ಕೂತಳು. ನಾನು ಮಗನನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದೆ.

ಹೆಣೆಯುವುದನ್ನು ಆಕೆ ಬಿಡುತ್ತಾಳೆಂದುಕೊಂಡಿದ್ದೆವು. ಬಿಡಲಿಲ್ಲ. ಮರುವರ್ಷ ಚಳಿ ಶುರುವಾದಾಗ ಯಾರೂ ಕರೆಯದಿದ್ದರೂ ತಾನೇ ಬಂದಳು, ನಮ್ಮ ಮನೆಗೇ ಮೊದಲು. ಮೋನೇಶನ ತಲೆಗೆ ಹೊಸ ದಾರ ಸುತ್ತಿ ಗಂಟು ಹಾಕಿದಳು. ಹೆಣೆಯುವಾಗ ಅಳತೆಗೆಂದು ಅದರಷ್ಟೇ ಉದ್ದದ ಕಡ್ಡಿಯೊಂದನ್ನು ಮುರಿದು ಉಡಿಯಲ್ಲಿ ಇಟ್ಟುಕೊಂಡು, ದಾರವನ್ನು ನನ್ನ ಅಂಗೈಯಲ್ಲಿ ಇಟ್ಟಳು.

"ನೀನs ಇಟ್ಕೋ. ನಾ ಇನ್ನ ಯಾರದೂ ಇಟ್ಕೊಳ್ಳಂಗಿಲ್ಲ."

ಆಮೇಲೆ ಹಳೆಯ ಕುಲಾವಿಯನ್ನು ಕೇಳಿ ಇಸಿದುಕೊಂಡಳು. ಅಂಚನ್ನು ಹೊರಳಿಸಿ, ಬೆರಳಾಡಿಸಿ, ಎಲ್ಲಿಯಾದರೂ ಕಸಿಯ ಹೊಲಿಗೆ ಇದೆಯೇ ಎಂದು ನನ್ನ ಎದುರಿಗೇ ಹುಡುಕಿದಳು. ಎಷ್ಟೋ ವರ್ಷ ಕಳೆದು ಈಗ ಮೋನೇಶನ ಮಗಳಿಗೆ ಕುಲಾವಿ ಹೆಣೆಯುತ್ತಾಳೆ. ಕಣ್ಣು ಮಂಜಾಗಿದೆ. ಆದರೂ ನನ್ನ ಕೈಯಿಂದ ಕುಲಾವಿ ತೆಗೆದುಕೊಂಡಾಗಲೆಲ್ಲ ಅಂಚನ್ನು ಮುಟ್ಟಿ ಮುಟ್ಟಿ ನೋಡುತ್ತಾಳೆ, ಮತ್ತು ಆಕೆ ನೋಡಿ ಮುಗಿಸುವವರೆಗೆ ನಾನು ನಿಂತೇ ಇರುತ್ತೇನೆ.