ಎಡೆಗಿಟ್ಟ ಗಡಸು ನೀರು

ನಮ್ಮ ಬೀದಿಯ ನಲ್ಲಿಗೆ ಬರುತ್ತಿದ್ದ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಕಟ್ಟುತ್ತಿರಲಿಲ್ಲ, ಬೇಳೆ ಬೇಯುತ್ತಿರಲಿಲ್ಲ, ಹಂಡೆಯೊಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತಿತ್ತು. ನಾನು ಗುಂಡ್ಲುಪೇಟೆ ಕಡೆಯವಳು, ಗೋಪಾಲಸ್ವಾಮಿ ಬೆಟ್ಟದ ಬುಡದ ಹಳ್ಳಿಯಲ್ಲಿ ಸಿಹಿನೀರಿನ ಬಾವಿ ನಂಬಿ ಬೆಳೆದವಳು. ಮದುವೆಯಾಗಿ ಚಾಮರಾಜನಗರದ ಈ ಬಡಾವಣೆಗೆ ಬಂದ ಹೊಸದರಲ್ಲೇ ತೊಗರಿಬೇಳೆ ಒಲೆಯ ಮೇಲಿಟ್ಟು ಕಾದು ಕಾದು ಸೋತೆ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ನಕ್ಕರು.

"ನಿನ್ ಬ್ಯಾಳೆ ಈ ಮನೇಲಿ ಬೇಯಕಿಲ್ಲ ಕಣಮ್ಮಿ. ಒಸಿ ಸೋಡಾ ಆಕು."

ಅದು ಗೇಲಿಯೋ ಉಪಕಾರವೋ ತಿಳಿಯಲಿಲ್ಲ. ಸೋಡಾ ಹಾಕಿದೆ, ಬೇಳೆ ಬೆಂದಿತು. ನಮ್ಮಿಬ್ಬರ ಸಂಸಾರವೂ ಹೆಚ್ಚುಕಮ್ಮಿ ಹಾಗೇ ನಡೆಯಿತು.

ಆ ನೀರಿನ ಮೇಲೆ ಅತ್ತೆಗೆ ಎಲ್ಲಿಲ್ಲದ ಅಭಿಮಾನ. ಅವರ ತವರು ಹರದನಹಳ್ಳಿಯಲ್ಲೂ ಅದೇ ರುಚಿಯ ಗಡಸು ನೀರಂತೆ. ಮನೆಗೆ ಫಿಲ್ಟರ್ ಬಂದಾಗ ಎಲ್ಲರೂ ಅದಕ್ಕೆ ಬದಲಾದೆವು, ಅವರೊಬ್ಬರು ಬದಲಾಗಲಿಲ್ಲ. ನಲ್ಲಿಯಿಂದ ತಮ್ಮ ಚೊಂಬು ತುಂಬಿಸಿಕೊಂಡು, ಬಟ್ಟೆಯಲ್ಲಿ ಸೋಸಿ, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿಯುತ್ತಿದ್ದರು. ಫಿಲ್ಟರ್ ನೀರು ಕೊಟ್ಟರೆ, "ಇದು ಬಾಯ್ನ ಒದ್ದೆ ಮಾಡ್ತದೆ ಅಷ್ಟೆಯಾ. ದಾವ ಇಂಗಕಿಲ್ಲ," ಎಂದು ಲೋಟ ಸರಿಸುತ್ತಿದ್ದರು. ದಾಹಕ್ಕೆ ಅವರು ದಾವ ಅನ್ನುತ್ತಿದ್ದರು.

ಅವರು ಕೊನೆಯುಸಿರು ಎಳೆಯುವಾಗ ನಮ್ಮ ಯಜಮಾನರು ಬಾಯಿಗೆ ನೀರು ಬಿಟ್ಟರು. ಮಗನ ಕೈಯಿಂದ ಆಗಬೇಕಾದ ಕೆಲಸ ಅದು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದು ಮಂಚದ ಪಕ್ಕ ನನಗೆ ಅಂತ ನಾನೇ ಇಟ್ಟುಕೊಂಡಿದ್ದ ಫಿಲ್ಟರ್ ನೀರಿನ ಬಾಟಲಿ. ಚಮಚದಲ್ಲಿ ಬಿಟ್ಟ ನೀರು ಒಳಗೆ ಇಳಿಯಲಿಲ್ಲ, ತುಟಿಯ ಅಂಚಿನಿಂದ ಜಾರಿ ದಿಂಬಿಗೆ ಹೋಯಿತು. ಉಸಿರೂ ಅದರ ಹಿಂದೆಯೇ ಹೋಯಿತು. ಆಗ ಪಕ್ಕದ ಮನೆಯ ಅಜ್ಜಿ ಅಂದೇಬಿಟ್ಟಳು: "ಅಯ್ಯೋ, ಆ ನೀರ ಯಾಕ್ಲಾ ಬುಟ್ಟೆ ಮಗ? ಅವ್ಳು ಅದ ಮುಟ್ತಾನೇ ಇರ್ನಿಲ್ವಲ್ಲಾ."

ಎಲುಬಿಲ್ಲದ ನಾಲಿಗೆ ಏನು ಬೇಕಾದರೂ ಆಡುತ್ತದೆ. ಆ ಹೊತ್ತಿನಲ್ಲಿ ಆಡುವ ಮಾತೇ ಅದು? ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ನಮ್ಮ ಯಜಮಾನರು ಕಚೇರಿಯಲ್ಲಿ ಗುಮಾಸ್ತರು, ದೆವ್ವ ಭೂತ ಅಂದರೆ ನಗುವವರು. ತಿಥಿ ಮುಗಿದ ಮೇಲೆ ಅವರೇ ಬದಲಾದರು. ನಮ್ಮಲ್ಲಿ ನೀರು ಬಿಡುವ ದಿನ ನಲ್ಲಿಯಿಂದ ಮೊದಲು ಬರುವುದು ಗಾಳಿ. ಗೊರಗೊರ ಅಂತ ಸದ್ದು ಮಾಡಿ ಆಮೇಲೆ ನೀರು. ಆ ಸದ್ದು ಕೇಳಿದರೆ ತಟ್ಟೆಯ ಮುಂದೆ ಕೂತಿದ್ದವರು ತುತ್ತು ಹಾಗೇ ಹಿಡಿದುಕೊಂಡು, "ಕೇಳಿಸ್ತಾ?" ಅನ್ನುವರು. "ಅವ್ವ ದಾವದಲ್ಲೇ ಓದ್ಲು ಕಣೆ. ನಾನೇ ಅಂಗೆ ಕಳಿಸ್ಬುಟ್ಟೆ." ಬರೀ ಗಾಳಿ ಕಣ್ರೀ ಅಂತ ನಾನು ಗದರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಹೆದರಿಕೆಯಾಗುತ್ತಿತ್ತು. ಕೊನೆಯ ಗಳಿಗೆಯಲ್ಲಿ ಅತ್ತೆಯ ಗಂಟಲಿನಿಂದ ಬಂದದ್ದೂ ಅದೇ ಗೊರಗೊರ.

ಯಜಮಾನರು ಊಟ ಬಿಟ್ಟರು. ನೀರನ್ನೂ ಅರ್ಧ ಲೋಟ ಕುಡಿದು ಇಟ್ಟುಬಿಡುವರು, ತಾಯಿಗೆ ಸಿಗದ್ದು ತನಗೇಕೆ ಅನ್ನುವ ಹಾಗೆ. ಸೊರಗಿ ಕಡ್ಡಿಯಾದರು. ಹೀಗೇ ಬಿಟ್ಟರೆ ಮಗನೂ ಅಮ್ಮನ ಹಿಂದೆಯೇ ಹೊರಟಾನು ಅನ್ನಿಸಿತು ನನಗೆ.

ಪಿತೃಪಕ್ಷ ಬಂತು. ಅತ್ತೆಗೆ ಮೊದಲ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಪಕ್ಕದಲ್ಲಿ ನೀರಿಟ್ಟು, ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವೆ. ಅಷ್ಟು ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ ಅನ್ನುವುದು ನಮ್ಮ ನಂಬಿಕೆ. "ಈ ಸಲ ಅವ್ವನ್ಗೆ ಅವಳ ನೀರೇ ಇಡನ," ಎಂದರು ಯಜಮಾನರು. ಅಲ್ಲೇ ಫಜೀತಿಯಾಯಿತು. ಬೀದಿಯ ಬೋರ್ ಕೆಟ್ಟು ನಿಂತಿತ್ತು, ನಲ್ಲಿಗೆ ಹೊಳೆ ನೀರು ಬರತೊಡಗಿತ್ತು. ಬೇಳೆ ಕರಗಿ ಹೋಗುತ್ತಿತ್ತು, ಸೋಪು ನೊರೆಯುಕ್ಕುತ್ತಿತ್ತು, ಬೀದಿಯ ಹೆಂಗಸರೆಲ್ಲ ಹಿಗ್ಗಿದ್ದರು. ಅತ್ತೆಯ ನೀರು ಮಾತ್ರ ಇಡೀ ಬಡಾವಣೆಯಲ್ಲಿ ಒಂದು ಲೋಟವೂ ಇರಲಿಲ್ಲ.

ಸ್ಕೂಟರಿಗೆ ಖಾಲಿ ಕ್ಯಾನು ಕಟ್ಟಿಕೊಂಡು ಹರದನಹಳ್ಳಿಗೆ ಹೋದೆವು. ಅತ್ತೆಯ ತಮ್ಮ ತೋಟದಲ್ಲಿ ಅರಿಸಿನಕ್ಕೆ ನೀರು ಕಟ್ಟುತ್ತಿದ್ದರು. ನಾವು ಬಂದ ಕಾರಣ ಕೇಳಿ ಗಹಗಹಿಸಿ ನಕ್ಕರು. "ಊರೋರೆಲ್ಲ ಸೀನೀರ್ಗೆ ಪ್ಯಾಟೆಗೆ ಕ್ಯಾನ್ ತಕಂಡು ಓಯ್ತಾವ್ರೆ, ನೀವು ಗಡಸು ನೀರ ಉಡೀಕಂಡು ಬಂದಿದ್ದೀರಲ್ಲಾ!" ಆಮೇಲೆ ಅಳಿಯನ ಮುಖ ನೋಡಿದರು. ನಗು ನಿಂತಿತು. ಕ್ಯಾನನ್ನು ತಾವೇ ಮೂರು ಸಲ ಗಲಬರಿಸಿ, ಬೋರಿನ ಬಾಯಿಗೆ ಹಿಡಿದರು. ಬೊಗಸೆಯಲ್ಲಿ ಒಂದು ಗುಟುಕು ಕುಡಿದು, "ಅಕ್ಕ ಚಿಕ್ಕುಡ್ಗೀಲಿ ಕುಡೀತಿದ್ದಿದ್ದು ಇದೇ ಕಣ್ಲಾ," ಎಂದು ಅತ್ತ ತಿರುಗಿಕೊಂಡರು.

ಅಮಾವಾಸ್ಯೆಯ ದಿನ ಮುದ್ದೆ, ಕೋಳಿ ಸಾರು, ವಡೆ, ಎಲೆ ಅಡಿಕೆ, ಅವರಿಗೊಪ್ಪುವ ಹಸಿರು ಸೀರೆ ಎಲ್ಲ ಇಟ್ಟು, ಲೋಟಕ್ಕೆ ಆ ನೀರನ್ನು ತುಳುಕುವ ಹಾಗೆ ನಾನೇ ತುಂಬಿಸಿದೆ. ಧೂಪ ಹಾಕಿ, ಬಾಗಿಲು ಎಳೆದುಕೊಂಡು ಜಗುಲಿಯ ಮೇಲೆ ನಿಂತೆವು. ಯಜಮಾನರು ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರು. ಒಳಗೆ ಏನೂ ಸದ್ದಿರಲಿಲ್ಲ. ಕೊನೆಗೆ, ಉಣ್ಣುವವರು ಬೆಚ್ಚದಿರಲಿ ಅಂತ ಕೆಮ್ಮಿ, ಬಾಗಿಲು ತೆಗೆದರು.

ಅವರು ಎಲೆಯ ಕಡೆ ನೋಡಲೇ ಇಲ್ಲ. ಲೋಟದ ಕಡೆಯೂ ನೋಡಲು ಧೈರ್ಯ ಬರಲಿಲ್ಲವೋ ಏನೋ, ಹೊಸ್ತಿಲಲ್ಲೇ ನಿಂತು ನನ್ನನ್ನು ಕೇಳಿದರು: "ನೋಡೆ. ಕಮ್ಮಿ ಆಗದಾ?"

ಹತ್ತಿರ ಹೋಗಿ ಬಗ್ಗಿ ನೋಡಿದೆ. ನಾನು ತುಂಬಿಸಿದ ಅಂಚಿಗೇ ನೀರು ನಿಂತಿತ್ತು. ಧೂಪದ ಬೂದಿಯ ಒಂದು ಎಸಳು ಮೇಲೆ ತೇಲುತ್ತಿತ್ತು, ಅದೂ ಅಲುಗಿರಲಿಲ್ಲ.

ನಾನು ಲೋಟಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತು, "ಊಂ ಕಣ್ರೀ. ಒಂದ್ ಬೆರಳಷ್ಟು ಇಳ್ದದೆ," ಅಂದೆ.

ಅವರು ಅಲ್ಲೇ ಕುಸಿದು ಕೂತು ಅತ್ತರು. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆಮೇಲೆ ಎದ್ದು ಮುಖ ತೊಳೆದುಕೊಂಡು, ಎಡೆಯ ಮುಂದೆಯೇ ಕೂತು ಎರಡು ಮುದ್ದೆ ಉಂಡರು. ಅವರು ಮುಖ ತೊಳೆಯುವಷ್ಟರಲ್ಲಿ ನಾನು ಲೋಟವನ್ನು ಸೆರಗಿನ ಮರೆಯಲ್ಲಿ ಅಡುಗೆಮನೆಗೆ ಸಾಗಿಸಿದ್ದೆ.

ಲೋಟ ಎತ್ತಿಕೊಂಡು ಹಿತ್ತಿಲಿಗೆ ಬಂದೆ. ಗಿಡಕ್ಕೆ ಚೆಲ್ಲಬೇಕು ಅಂತಲೇ ಬಂದೆ, ಆಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬೂದಿಯ ಎಸಳೂ ಸೇರಿದಂತೆ ಅಷ್ಟೂ ನೀರನ್ನು ನಾನೇ ಕುಡಿದೆ. ಯಾರಾದರೂ ಕುಡಿಯಲೇಬೇಕಿತ್ತು. ಮಗನ ಪಾಲಿಗೆ ಅತ್ತೆ ಅವತ್ತು ತಣಿದು ಹೋದರು. ಅವರು ಬರಲೇ ಇಲ್ಲ ಅನ್ನುವುದು ಗೊತ್ತಿರುವುದು ನನಗೊಬ್ಬಳಿಗೆ. ಎಲ್ಲಿದ್ದಾರೋ, ಹಾಗೇ ಬಾಯಾರಿಕೊಂಡು.