ಬರೀ ಬೆಳಕಿನ ತಟ್ಟೆ

ಮಟಮಟ ಮಧ್ಯಾಹ್ನ ಕತ್ತಲೆ ಕೋಣೆಯಿಂದ ಹೊರಬಂದಾಗ ನಮ್ಮ ಮೇಡಂ ಅವರ ಕಣ್ಣುಗಳಿಂದ ದಳದಳ ನೀರು ಸುರಿಯುತ್ತಿತ್ತು. ಸೆರಗನ್ನು ಹಣೆಗೆ ಅಡ್ಡ ಹಿಡಿದು, "ಹೈವಾನ್ ಬಿಸಲು" ಎಂದು ಬೈಯುತ್ತ ಬೀದರಿನ ನಮ್ಮ ಕಾಲೇಜಿನ ವರಾಂಡದಲ್ಲಿ ನಿಲ್ಲುತ್ತಿದ್ದರು. ಆ ವರ್ಷ ಮಾಂಜ್ರಾ ನದಿ ಬತ್ತಿತ್ತು. ನಾನು ನಮ್ಮೂರು ಹಲಬರ್ಗಾದಲ್ಲಿ ಹತ್ತುವ ಭಾಲ್ಕಿ-ಬೀದರ್ ಬಸ್ಸಿನಲ್ಲಿ, ಹೈದರಾಬಾದಿಗೆ ದುಡಿಯಲು ಹೊರಟವರ ಪಾತ್ರೆ-ಹಾಸಿಗೆಗಳ ನಡುವೆ ಕಾಲಿಡಲು ಜಾಗವಿರುತ್ತಿರಲಿಲ್ಲ.

ಮೇಡಂ ನನ್ನ ಪಿಎಚ್‌ಡಿ ಮಾರ್ಗದರ್ಶಕರು, ಔರಾದ ಕಡೆಯವರು. ಜೀವಕೋಶದೊಳಗಿನ ಕೊಬ್ಬು ಸುದ್ದಿಯನ್ನೂ ಒಯ್ಯುತ್ತದೆ; ಅದರಲ್ಲೊಂದು, ಸೆರಮೈಡ್, ಕೋಶಕ್ಕೆ 'ಸಾಯಿ' ಎನ್ನುತ್ತದೆ. ನಾವು ತಟ್ಟೆಗಳಲ್ಲಿ ಸಾಕುತ್ತಿದ್ದ ಕುರಿಯ ಕೋಶಗಳೂ ಆ ಮಾತು ಕೇಳುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಆ ಕೊಬ್ಬಿಗೆ ರಾಸಾಯನಿಕದ ಬೀಗ ಹಾಕಿ ಕೋಶಗಳಿಗೆ ಉಣಿಸಿ, ನೇರಳೆ ದೀಪ ಹಾಯಿಸಿ ಬೀಗ ತೆಗೆಯುತ್ತಿದ್ದೆವು. ಬೇರೆ ಬೆಳಕು ಸೋಂಕಿದರೆ ಕೆಲಸ ಕೆಡುತ್ತದೆಂದೇ ಕತ್ತಲೆ ಕೋಣೆ, ಒಂದು ಕೆಂಪು ಬಲ್ಬು. ಮೊದಲು ಕೋಶಗಳನ್ನು ಉಪವಾಸ ಕೆಡವಬೇಕು. "ಹಸದ ಜೀವಕ್ಕ ಸಣ್ಣ ಮಾತೂ ದೊಡ್ಡದಾಗಿ ಕೇಳ್ತದ," ಎನ್ನುತ್ತಿದ್ದರು. ಹೊರಗೆ ಟ್ಯಾಂಕರಿನ ಮುಂದೆ ಕೊಡಗಳ ಜಗಳ ನಡೆದಿರುವಾಗ ಆ ಮಾತು ಕೇಳಿ ನನಗೆ ಹೆದರಿಕೆಯಾಗುತ್ತಿತ್ತು.

ಹಳೆಯ ದೀಪ ಸುಟ್ಟುಹೋಗಿ ಹೊಸದು ಬಂತು. ಕೋಶಗಳು ಸರಸರ ಸತ್ತವು. ಕೊಬ್ಬಿನ ಮಾತು ಕೇಳಿದವೆಂದು ನಾನು ಕುಣಿದಾಡಿದೆ, ಲೇಖನ ಪತ್ರಿಕೆಗೆ ಹೋಯಿತು. ಅಷ್ಟರಲ್ಲಿ ಮೇಡಂ ಹೊಟ್ಟೆ ಹಿಡಿದುಕೊಂಡು ಕೂರುವುದು ಶುರುವಾಗಿತ್ತು. ಕ್ಯಾನ್ಸರ್ ಎಂದು ಗೊತ್ತಾದ ಮರುದಿನವೂ ಬಂದು, ನಾನು ತೆಗೆದ ಕೋಶಗಳ ಚಿತ್ರಗಳನ್ನು ನೋಡಿ ಕೇಳಿದರು: "ಹೊಸ ದೀಪಕ್ಕ ಬರೇ ಬೆಳಕಿನ ತಟ್ಟಿ ಎಲ್ಲಿ ಅದ?"

ಕೊಬ್ಬು ಉಣಿಸದೆ ಬೆಳಕನ್ನಷ್ಟೇ ಬಿಡುವ ತಟ್ಟೆ ಅದು. ಹಳೆಯ ದೀಪದಲ್ಲಿ ಅದರ ಕೋಶಗಳು ಬದುಕಿದ್ದವು. ಅದನ್ನೇ ನಂಬಿ ಹೊಸ ದೀಪಕ್ಕೆ ನಾವಿಬ್ಬರೂ ಇಟ್ಟಿರಲಿಲ್ಲ. ಈಗ ಇಟ್ಟೆವು. ಎಲ್ಲವೂ ಸತ್ತವು; ಕೊಂದದ್ದು ಕೊಬ್ಬಲ್ಲ, ಹೊಸ ದೀಪದ ಜೋರು ಬೆಳಕು.

"ನೋಡಾಕ ಹೋಗಿ ನಾವೇ ಕೊಂದೇವಿ," ಎಂದರು. "ಲೇಖನ ವಾಪಸ್ ತಗೋ."

"ನನ್ನ ಡಿಗ್ರಿ ಏನಾಗಬೇಕ್ರಿ ಮೇಡಂ?" ನನಗೆ ಸಿಟ್ಟೇ ಬಂದಿತ್ತು. ಅವರಿಲ್ಲದೆ ಅದು ಮುಗಿಯುತ್ತದೆಂಬ ನಂಬಿಕೆ ನನಗಿರಲಿಲ್ಲ.

"ಈ ಸುಳ್ಳು ನಂಬಿ ನಾಳಿ ಯಾರರೆ ಔಷಧ ಮಾಡ್ತಾರ, ತಂಗಿ. ಬೆಳಕು ಸಣ್ಣ ಮಾಡು. ಮೊದಲಿಂದ ಹಿಡಿ."

ಮೇಡಂ ಔರಾದಿನ ತವರಿಗೆ ಹೋದರು. ನಾನೊಬ್ಬಳೇ ಕೆಂಪು ಬಲ್ಬಿನ ಕೆಳಗೆ ಕೂತೆ. ಉತ್ತರ ಸಿಕ್ಕ ದಿನವೇ ಔರಾದಿನ ಬಸ್ಸು ಹತ್ತಿದೆ. ಅವರ ಓಣಿಯಲ್ಲಿ ಬಹಳ ಮನೆಗಳಿಗೆ ಬೀಗ ಬಿದ್ದಿತ್ತು. ಮೇಡಂ ಮಲಗಿದ್ದ ಕೋಣೆಯ ಕಿಟಕಿಗೆ ಕರಿ ಬಟ್ಟೆ ಕಟ್ಟಿದ್ದರು, ಅವರಿಗೆ ಬೆಳಕು ತಾಳಲಾಗುತ್ತಿರಲಿಲ್ಲವಂತೆ.

"ಬರೇ ಬೆಳಕಿನ ತಟ್ಟಿ?" ಎಂದರು, ನಾನು ಕೂರುವ ಮೊದಲೇ.

"ಬದುಕ್ಯಾವರಿ ಮೇಡಂ. ಕೊಬ್ಬಿನ ಬೀಗ ತೆಗೆದಲ್ಲಿ ಅಷ್ಟೇ ಸತ್ತಾವರಿ."

ಕಣ್ಣು ಮುಚ್ಚಿಕೊಂಡರು. "ಹಂಗಾದ್ರ ಈಗ ಸತ್ತವುಗಳ ಮಾತು ನಂಬು."

ಆ ವಾರವೇ ಹೋದರು, ಮಳೆ ಬರುವ ಮೊದಲೇ. ನನ್ನ ಹೆಸರಿಗೆ ಈಗ ಡಾಕ್ಟರ್ ಅಂಟಿಕೊಂಡಿದೆ. ಯಾರಾದರೂ ಹಾಗೆ ಕರೆದಾಗಲೆಲ್ಲ ನನಗೆ ಆ ಕರಿ ಬಟ್ಟೆಯ ಕಿಟಕಿ ನೆನಪಾಗುತ್ತದೆ.