ಅಜ್ಜಿ ತೊಳೆದ ಮುಖ

ಮೊನ್ನೆ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆ ಅಂಟು ಬೇಕೆಂದು ಹುಣಸೆಬೀಜ ಹುರಿದು ಬೇಯಲಿಟ್ಟಳು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕುರುಬರಹಳ್ಳಿಯ ನಮ್ಮ ಹೆಂಚಿನ ಮನೆಯಲ್ಲಿದ್ದೆ. ಆ ಮನೆ ಈಗಿಲ್ಲ, ಅಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಆಗ ಅಲ್ಲಿ ಅಜ್ಜಿ, ಅವಳ ಒಬ್ಬಳೇ ಮಗಳಾದ ನನ್ನ ಅಮ್ಮ, ಮನೆಅಳಿಯನಾಗಿ ಬಂದ ಅಪ್ಪ, ನಾನು ಇದ್ದೆವು. ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ನೋಯ್ ಅಕ್ಕ ಇದ್ದಳು. ಚಿತ್ರಕಲೆ ಕಲಿಯಲು ಥಾಯ್ಲೆಂಡಿನಿಂದ ಬಂದವಳು.

ಅವಳ ಅಪ್ಪ ಅಲ್ಲಿ ಗುಡಿಯ ಗೋಡೆಗಳ ಮೇಲೆ ಚಿತ್ರ ಬರೆಯುತ್ತಿದ್ದನಂತೆ. ಅವನ ಹಾಗೇ ಇವಳೂ ಬಿಳಿ ಜೇಡಿಮಣ್ಣಿಗೆ ಹುಣಸೆಬೀಜದ ಗಂಜಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಅದರ ಮೇಲೆ ಬರೆಯುತ್ತಿದ್ದಳು. ಅಜ್ಜಿಯ ತವರಲ್ಲಿ ಕಂಬಳಿ ಗಟ್ಟಿಯಾಗಲೆಂದು ಹಾಕುತ್ತಿದ್ದುದೂ ಅದೇ ಗಂಜಿ. "ಇವಳು ನಮ್ಮೋಳೇ ಕಣೇ" ಎಂದು ಅಜ್ಜಿ ಒಲೆಯನ್ನೇ ಬಿಟ್ಟುಕೊಟ್ಟಳು. ಅವಳಪ್ಪ ದೇವರನ್ನು ಬರೆದರೆ ಇವಳು ಸೊಪ್ಪಿನವಳನ್ನು, ಇಸ್ತ್ರಿಯವನನ್ನು ಆಳೆತ್ತರಕ್ಕೆ ಬರೆದಳು. ಯಾರ ಹಿಂದೆಯೂ ಮನೆಯಿಲ್ಲ, ಮರವಿಲ್ಲ, ಬರೀ ಬಿಳುಪು. "ಪಾಪ, ಇವರನ್ನೆಲ್ಲ ಎಲ್ಲಿ ಕೂರಿಸಿದೀಯಾ ತಾಯಿ?" ಎಂದು ಅಜ್ಜಿ ರೇಗಿಸುವಳು. ಕೊನೆಗೆ ನೋಯ್ ಅಕ್ಕ, ಅವರೆಕಾಳು ಹಿತುಕುತ್ತ ಕೂತ ನನ್ನ ಅಮ್ಮನನ್ನು ಬರೆದು ನಮಗೇ ಕೊಟ್ಟು ಊರಿಗೆ ಹೊರಟಳು. ಹೋಗುವಾಗ ನನಗೆ ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದಳು: ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ, ನೀರು ಸೋಕಬಾರದು.

ಮರುವರ್ಷ ಜ್ವರವೆಂದು ಮಲಗಿದ ಅಮ್ಮ ಏಳಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿಕೊಂಡು ಚಿತ್ರದ ಮುಖ ಒರೆಸಿ ಕುಂಕುಮ ಇಡತೊಡಗಿದಳು. ನಾನು ಬೇಡವೆಂದೆ. "ಮುಖ ತೊಳೀದೆ ಯಾರಾದ್ರೂ ಕುಂಕುಮ ಇಡ್ತಾರೇನೇ?" ಎಂದಳು. ಮೊದಲು ಹುಬ್ಬು ಹೋಯಿತು, ಆಮೇಲೆ ಮೂಗಿನ ಗೆರೆ. ನಾನು ಅಡ್ಡ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಒರೆಸುವಾಗ ಅಜ್ಜಿ ಮಗಳೊಂದಿಗೆ ಮಾತಾಡುತ್ತಿದ್ದಳು. ವಾರವಿಡೀ ಅವಳು ಬಾಯಿ ಬಿಡುತ್ತಿದ್ದುದು ಅದೊಂದೇ ಹೊತ್ತು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅಜ್ಜಿ ತೀರಿಕೊಳ್ಳುವ ಹೊತ್ತಿಗೆ ಚಿತ್ರದಲ್ಲಿ ಕುತ್ತಿಗೆಯಿಂದ ಮೇಲೆ ಬರೀ ಮಣ್ಣಿನ ಬಿಳುಪು ಉಳಿದಿತ್ತು.

ಮದುವೆ ಆಲ್ಬಮ್ಮಿನಲ್ಲಿ ಅಮ್ಮ ಇದ್ದಾಳೆ, ನಿಜ. ಆದರೆ ಅವಳು ನಾನು ಕಂಡೇ ಇರದ, ಪೌಡರು ಮೆತ್ತಿದ ಹುಡುಗಿ. ನನ್ನನ್ನು ಸಾಕಿದ ಮುಖ ಆ ಬಟ್ಟೆಯ ಮೇಲೆ ಮಾತ್ರ ಇತ್ತು. ನೋಯ್ ಅಕ್ಕ ಈಗ ತನ್ನ ದೇಶದಲ್ಲಿ ಹೆಸರುವಾಸಿ. ಹೇಗೋ ಹುಡುಕಿ, ಚಿತ್ರದ ಫೋಟೋ ಕಳಿಸಿ, ಮುಖ ಮತ್ತೆ ಬರೆದುಕೊಡಲು ಕೇಳಿದೆ. ಅವಳು ತಕ್ಷಣ ಒಪ್ಪಿದಳು. ತನಗೆ ಈಗ ಅಷ್ಟಾಗಿ ನೆನಪಿಲ್ಲ, ಅಮ್ಮನ ಕಣ್ಣು ಹೇಗಿತ್ತು, ನಕ್ಕರೆ ಕೆನ್ನೆ ಹೇಗಾಗುತ್ತಿತ್ತು, ನಿನಗೆ ಕಂಡಂತೆ ಬರೆದು ಕಳಿಸು ಎಂದಳು.

ಬರೆಯಲು ಕೂತೆ. ಅಮ್ಮನ ಕಣ್ಣು ಎಂದು ನೆನೆದರೆ ಕಣ್ಮುಂದೆ ಬರುವುದು ಆ ಮಣ್ಣಿನ ಬಿಳುಪೇ. ಎರಡು ತಿಂಗಳಾಯಿತು, ಅವಳಿಗೆ ನಾನಿನ್ನೂ ಉತ್ತರ ಕಳಿಸಿಲ್ಲ.